ಸೋರಿಕೆ ಹುಡುಕುವವನು ಕಡಲಿಗೆ ಹೋದದ್ದು

ಊರಿನ ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುವ ಕೆಲಸ ಅವನದು. ರಸ್ತೆಯ ಕೆಳಗೆ ಎಲ್ಲೋ ಪೈಪು ಒಡೆದು ನೀರು ಮಣ್ಣುಪಾಲಾಗುತ್ತಿದ್ದರೆ ಮೇಲಿನಿಂದ ಕಣ್ಣಿಗೆ ಏನೂ ಕಾಣುವುದಿಲ್ಲ, ಕಿವಿಯಿಂದ ಹುಡುಕಬೇಕು. ಅದಕ್ಕೆಂದು ಅವನ ಹತ್ತಿರ ಒಂದು ಮರದ ಕೋಲಿತ್ತು. ಒಂದು ತುದಿ ಮೊಂಡು, ಇನ್ನೊಂದು ತುದಿಯಲ್ಲಿ ಕಿವಿಗೆ ಒತ್ತಿಕೊಳ್ಳಲು ಒಂದು ಬಿಲ್ಲೆ. ಕೆಲಸಗಾರರು ಅದನ್ನು ಕೇಳುಕೋಲು ಎನ್ನುತ್ತಿದ್ದರು. ಹಾಲಿನ ಗಾಡಿಗಳು ಓಡಾಡುವ ಮೊದಲು, ಬೀದಿ ಇನ್ನೂ ಸದ್ದಿಲ್ಲದೆ ಬಿದ್ದಿರುವಾಗ, ಅವನು ವಾಲ್ವಿನ ಮುಚ್ಚಳ ತೆಗೆದು, ಕೋಲನ್ನು ಕಬ್ಬಿಣಕ್ಕೆ ಊರಿ, ಕಣ್ಣು ಮುಚ್ಚಿ ಕೂರುತ್ತಿದ್ದ. ಆಮೇಲೆ ಎದ್ದು ಹತ್ತು ಹೆಜ್ಜೆ ನಡೆದು ಸೀಮೆಸುಣ್ಣದಲ್ಲಿ ಗೀಟು ಎಳೆದು, "ಇಲ್ಲಿ ತೋಡಿ" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಎರಡೇ ಸಲ ಆ ಗೀಟು ತಪ್ಪಿತ್ತು. ಎರಡು ಸಲವೂ ಅವನಿಗೆ ನೆಗಡಿ. ಗುಂಡಿ ತೋಡುವವರು ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು.

ಮನೆಯಲ್ಲಿ ಮಾತ್ರ, ಹೆಂಡತಿಯ ಪ್ರಕಾರ, ಅವನಿಗೆ ಕಿವಿಯೇ ಇರಲಿಲ್ಲ. "ಮಣ್ಣಿನ ಕೆಳಗೆ ಮೂರಡಿಯಲ್ಲಿರೋದು ಕೇಳಿಸತ್ತೆ. ಮೂರಡಿ ದೂರದಲ್ಲಿ ನಿಂತು ನಾನು ಕರೆದ್ರೆ ಕೇಳಿಸಲ್ಲ" ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು.

ಯುದ್ಧ ಶುರುವಾಗಿ ಆಗ ಮೂರನೇ ವರ್ಷ. ಶತ್ರುಗಳ ಸಬ್‌ಮರೀನುಗಳು ಕಡಲಿನ ಕೆಳಗೆ ಅಡಗಿ ಕೂತು, ಗೋಧಿ ಕಲ್ಲಿದ್ದಲು ತರುವ ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದವು. ಬ್ರೆಡ್ಡಿಗೆ ಸಾಲು, ಸೌದೆಗೆ ಸಾಲು. ಕಿವಿಯಣ್ಣನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ, ಸರಕು ಹಡಗೊಂದರಲ್ಲಿ ಬಾಯ್ಲರಿಗೆ ಕಲ್ಲಿದ್ದಲು ತುಂಬುವ ಕೆಲಸದಲ್ಲಿದ್ದ. ಹಿಂದಿನ ಚಳಿಗಾಲದಲ್ಲಿ ಆ ಹಡಗು ಬಂದರಿಗೆ ಬರಲಿಲ್ಲ. ತಂತಿ ಮಾತ್ರ ಬಂತು. ಅದರಲ್ಲಿ 'ಸತ್ತಿದ್ದಾರೆ' ಎಂದಿರಲಿಲ್ಲ, 'ಕಾಣೆಯಾಗಿದ್ದಾರೆ' ಎಂದಿತ್ತು. ಆ ಒಂದು ಪದ ಮನೆಯವರನ್ನು ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವಂತೆ ನಿಲ್ಲಿಸಿಬಿಟ್ಟಿತು. ಇವರ ಜೊತೆಗೇ ಇದ್ದ ಅತ್ತೆ, ಕಾಣೆಯಾದ ಮಗನ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿ ಇಡುತ್ತಿದ್ದರು. ಹೆಂಡತಿ ತಾಯಿಯ ಮುಂದೆ ಅಳುವ ಹಾಗೂ ಇರಲಿಲ್ಲ.

ಒಂದು ಬೆಳಿಗ್ಗೆ ಬಂದರು ರಸ್ತೆಯ ವಾಲ್ವಿಗೆ ಕೋಲು ಊರಿ ಕೂತಿದ್ದ ಕಿವಿಯಣ್ಣನಿಗೆ ನೀರಿನ ಸದ್ದಿನ ಜೊತೆ ಇನ್ನೊಂದು ಸದ್ದು ಕೇಳಿಸಿತು. ಧಡ್, ಧಡ್, ಧಡ್. ಸುತ್ತ ನೋಡಿದ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಕೋಲು ತೆಗೆದರೆ ಸದ್ದಿಲ್ಲ, ಇಟ್ಟರೆ ಇದೆ. ಎದ್ದು ಕಟ್ಟೆಯ ಮೇಲೆ ಹತ್ತಿ ನೋಡಿದಾಗ, ದೂರ ಕೊಲ್ಲಿಯ ನಡುವೆ, ದೊಡ್ಡ ಹಡಗುಗಳನ್ನು ಎಳೆಯುವ ದೋಣಿಯೊಂದು ಬೆರಳಿನಷ್ಟು ಕಾಣುತ್ತ ಹೋಗುತ್ತಿತ್ತು. ಆ ನೀರಿನ ಪೈಪು ಕೊಲ್ಲಿಯ ತಳದಲ್ಲೇ ಹಾದು ಆಚೆ ದಡಕ್ಕೆ ಹೋಗುವುದು ಅವನಿಗೆ ನೆನಪಾಯಿತು. ದೋಣಿಯ ಯಂತ್ರದ ಸದ್ದು ನೀರಿನಿಂದ ಪೈಪಿಗೆ, ಪೈಪಿನಿಂದ ಕೋಲಿಗೆ, ಕೋಲಿನಿಂದ ತನ್ನ ಕಿವಿಗೆ ಬಂದಿತ್ತು!

ಆ ಭಾನುವಾರ ಅವನು ಮಗಳ ನೋಟುಪುಸ್ತಕದಿಂದ ಎರಡು ಹಾಳೆ ಹರಿದು ಚಿತ್ರ ಬರೆದ. ಮರದ ದೋಣಿಯ ತಳಕ್ಕೆ ಎಡಕ್ಕೊಂದು ಬಲಕ್ಕೊಂದು ಎಂಟಡಿಯ ಕೋಲು. ಮೇಲಿನ ತುದಿಗಳು ಒಬ್ಬನ ಎರಡು ಕಿವಿಗೆ. ಯಂತ್ರ ನಿಲ್ಲಿಸಿ ಕೇಳಬೇಕು. ಎಡಗಡೆ ಜೋರಾಗಿದ್ದರೆ ಎಡಕ್ಕೆ ತಿರುಗಬೇಕು, ಎರಡೂ ಕಡೆ ಸಮವಾದರೆ ಸಬ್‌ಮರೀನು ನೇರ ಮುಂದೆ. ಕೆಳಗೆ ವಿವರ ಬರೆದು, ಸರಕಾರದ ಹೊಸ ಉಪಾಯಗಳ ಕಚೇರಿಗೆ ಅಂಚೆಯಲ್ಲಿ ಹಾಕಿದ.

ಆ ಕಚೇರಿಯಲ್ಲಿ ಟೈಪಿಸ್ಟಾಗಿದ್ದವಳು ಇವರ ಮನೆಯಲ್ಲೇ ಇದ್ದ ಅವನ ನಾದಿನಿ, ಹೆಂಡತಿಯ ತಂಗಿ. ಮೊದಲು ಟೋಪಿ ಅಂಗಡಿಯಾಗಿದ್ದ ಕಟ್ಟಡ ಅದು. ಟೋಪಿ ಇಡುತ್ತಿದ್ದ ಗೂಡುಗಳಲ್ಲಿ ಈಗ ಕಾಗದದ ಕಟ್ಟುಗಳು. ದಿನಕ್ಕೆ ನೂರರ ಮೇಲೆ ಕಾಗದ ಬರುತ್ತಿದ್ದವು. ದೊಡ್ಡ ಮೀನುಗಳ ಬಾಲಕ್ಕೆ ಗಂಟೆ ಕಟ್ಟಿ ಬಿಡಿ, ಸಬ್‌ಮರೀನಿಗೆ ಡಿಕ್ಕಿ ಹೊಡೆದರೆ ಗೊತ್ತಾಗುತ್ತದೆ, ಎಂದು ಒಬ್ಬ ನಿವೃತ್ತ ಮೇಷ್ಟ್ರು. ಕಡಲಿಗೆ ಇನ್ನಷ್ಟು ಉಪ್ಪು ಸುರಿಯಿರಿ, ತಾನಾಗಿ ತೇಲಿ ಮೇಲೆ ಬರುತ್ತದೆ, ಎಂದು ಒಬ್ಬ ಕಿರಾಣಿಯವನು. ಊರಷ್ಟು ದೊಡ್ಡ ಅಯಸ್ಕಾಂತವನ್ನು ಹಡಗಿಗೆ ಕಟ್ಟಬೇಕೆಂದು ಇನ್ನೊಬ್ಬ. ಹಡಗೂ ಕಬ್ಬಿಣದ್ದೇ ಎನ್ನುವುದು ಅವನ ತಲೆಗೆ ಹೊಳೆದಿರಲಿಲ್ಲ.

ಉತ್ತರ ಬರೆಯಲು ಎರಡು ಮಾದರಿಗಳಿದ್ದವು. ಒಂದನೆಯದು: ತಮ್ಮ ಸಲಹೆ ಪ್ರಯೋಜನಕ್ಕೆ ಬರುವಂಥದ್ದಲ್ಲ. ಎರಡನೆಯದು: ತಮ್ಮ ಸಲಹೆ ಈಗಾಗಲೇ ಪರಿಶೀಲನೆಯಲ್ಲಿದೆ. ತೊಡಕಿದ್ದದ್ದು ಎರಡನೆಯದರಲ್ಲೇ. ಪದೇ ಪದೇ ಬರೆದು ಕಾಡುವ ತಲೆಕೆಟ್ಟವರಿಗೂ ಅದೇ, ನಿಜವಾಗಿ ಒಳ್ಳೆಯ ಉಪಾಯ ಕೊಟ್ಟವರಿಗೂ ಅದೇ. ಯಾವುದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂಬ ಗುಟ್ಟು ಹೊರಗೆ ಹೋಗಬಾರದಲ್ಲ.

ಭಾವನ ಅಕ್ಷರ ಕಂಡು ನಾದಿನಿ ಆ ಕಾಗದವನ್ನು ಎರಡು ಸಲ ಓದಿದಳು. ಸಾಹೇಬರು ಕಾಗದದ ಮೂಲೆಯಲ್ಲಿ ಪೆನ್ಸಿಲಿನಲ್ಲಿ '೨' ಎಂದು ಬರೆದಿದ್ದರು. ಅವಳು ಟೈಪು ಮಾಡಿ ಕಳಿಸಿದಳು. ಸಂಜೆ ಮನೆಗೆ ಬಂದವಳು ಯಾರ ಮುಖವನ್ನೂ ನೋಡದೆ ಆಲೂಗಡ್ಡೆ ಸುಲಿಯಲು ಕೂತಳು.

ಎರಡು ದಿನದ ನಂತರ ಕಿವಿಯಣ್ಣ ಲಕೋಟೆ ಹಿಡಿದು ಅಡುಗೆಮನೆಗೆ ಬಂದ.

"ಪರಿಶೀಲನೆಯಲ್ಲಿದೆ ಅಂತೆ. ಪುಟ್ಟೀ, ಹಾಗಂದ್ರೆ ಏನೇ?"

"ಪರಿಶೀಲನೆ ಅಂದ್ರೆ ಪರಿಶೀಲನೆ, ಭಾವ."

"ಅದೇ, ಒಳ್ಳೇದಕ್ಕೋ ಕೆಟ್ಟದ್ದಕ್ಕೋ?"

"ನಾನು ಪ್ರಮಾಣ ಮಾಡಿದೀನಿ. ಏನೂ ಹೇಳೋ ಹಾಗಿಲ್ಲ."

ಹೆಂಡತಿ ಸೌಟು ಹಿಡಿದು ತಿರುಗಿದಳು. "ಏನು, ನಮ್ಮ ಮನೆ ಗುಟ್ಟು ನಮ್ಮ ಮನೆಯವರಿಗೇ ಹೇಳೋ ಹಾಗಿಲ್ವಾ?"

"ಇಲ್ಲ ಅಕ್ಕ."

"ಹಾಗಾದ್ರೆ ಇವರ ತಲೆ ಕೆಟ್ಟಿದೆ ಅಂತ ಸರಕಾರಕ್ಕೂ ಗೊತ್ತಾಗಿದೆ ಅಂತಾಯ್ತು" ಎಂದು ಹೆಂಡತಿ ತೀರ್ಮಾನಿಸಿದಳು. ನಾದಿನಿಗೆ ನಗು ಬಂತು, ಆದರೆ ನಕ್ಕರೆ ಅದೂ ಉತ್ತರವಾಗಿಬಿಡುತ್ತದೆಂದು ತುಟಿ ಕಚ್ಚಿಕೊಂಡಳು. ನಿಜ ಹೇಳಬೇಕೆಂದರೆ ಆ '೨' ಯಾವ ಬಗೆಯದು ಎಂದು ಅವಳಿಗೂ ಗೊತ್ತಿರಲಿಲ್ಲ.

ಹತ್ತು ದಿನ ಕಳೆದು ಮನೆ ಮುಂದೆ ಕಾರೊಂದು ನಿಂತಿತು. ಇಳಿದ ಇಬ್ಬರು, ಬಟ್ಟೆ ತೆಗೆದುಕೊಂಡು ಜೊತೆಗೆ ಬರಬೇಕೆಂದು ಕಿವಿಯಣ್ಣನಿಗೆ ಹೇಳಿದರು. ಬಂಧನವೋ ಸನ್ಮಾನವೋ ಯಾರಿಗೂ ತಿಳಿಯಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಅವರು ಟೋಪಿ ತೆಗೆದು "ಚಿಂತೆ ಮಾಡಬೇಡಿ ಅಮ್ಮಾ" ಎಂದಷ್ಟೇ ಹೇಳಿದರು. ಆ ಮಾತು ಕೇಳಿದ ಮೇಲೆ ಅವಳ ಚಿಂತೆ ಇನ್ನೂ ಹೆಚ್ಚಾಯಿತು. ಅತ್ತೆ ಮಾತ್ರ ಅಳಿಯನ ಕೈ ಹಿಡಿದು, "ಕಡಲಿಗೆ ಹೋಗ್ತೀಯಂತಲ್ಲ? ಒಳ್ಳೇದಾಯ್ತಪ್ಪ. ಅವನನ್ನ ನೋಡ್ಕೊಂಡು ಬಾ" ಎಂದರು. ಕಡಲಿನ ಸುದ್ದಿ ಅವರಿಗೆ ಯಾರು ಹೇಳಿದರೋ.

ಕರೆದುಕೊಂಡು ಹೋದದ್ದು ಬೇರೊಂದು ಬಂದರಿಗೆ. ಹಡಗುಗಳು ಬಂದು ನಿಲ್ಲುವ ಧಕ್ಕೆಯ ತುದಿಯಲ್ಲಿ ಹಲಗೆಯ ನಾಲ್ಕು ಕೋಣೆಗಳು, ಟಾರಿನ ವಾಸನೆ. ಅಲ್ಲಿದ್ದವರು ಒಬ್ಬ ಕ್ಯಾಪ್ಟನ್, ದಪ್ಪ ಕನ್ನಡಕದ ಒಬ್ಬ ಪ್ರೊಫೆಸರ್, ಮತ್ತೆ ಕಿವಿಯಣ್ಣನ ಹಾಗೆ ಉಪಾಯ ಬರೆದು ಕಳಿಸಿದ ಒಬ್ಬ ಹೆಂಗಸು. ಅವಳು ಕಡಲ ಹಕ್ಕಿಗಳನ್ನು ಪಳಗಿಸುತ್ತಿದ್ದಳು. ಸಬ್‌ಮರೀನು ನೀರಿನಿಂದ ಮೇಲೆ ಚಾಚುವ ಇಣುಕುಕೊಳವೆಯಂಥದ್ದೊಂದನ್ನು ಮಾಡಿಸಿ, ದಿನವೂ ಅದರ ಬಾಯಿಂದಲೇ ಹಕ್ಕಿಗಳಿಗೆ ಮೀನು ತಿನ್ನಿಸುತ್ತಿದ್ದಳು. ಮುಂದೆ ನಿಜವಾದ ಕೊಳವೆ ಕಂಡರೂ ಅವು ಹಿಂಡು ಕಟ್ಟಿ ಸುತ್ತುತ್ತವೆ, ಗುಟ್ಟು ರಟ್ಟಾಗುತ್ತದೆ, ಎನ್ನುವುದು ಲೆಕ್ಕ. ಅಷ್ಟರಲ್ಲಿ ಆ ಹಕ್ಕಿಗಳು ಕೊಳವೆಯಂತೆ ಕಂಡದ್ದನ್ನೆಲ್ಲ ಮುತ್ತಲು ಕಲಿತಿದ್ದವು. ಕ್ಯಾಪ್ಟನ್ನರ ಕೋಣೆಯ ಹೊಗೆಕೊಳವೆಯ ಮೇಲೆ ಸದಾ ಇಪ್ಪತ್ತು ಹಕ್ಕಿ ಕೂತಿರುತ್ತಿದ್ದವು, ಒಳಗೆಲ್ಲ ಹೊಗೆ.

"ನಿಮ್ಮದು ಆಗತ್ತಾ?" ಎಂದು ಕಿವಿಯಣ್ಣ ಅವಳನ್ನು ಕೇಳಿದ.

"ಅವರು ಹೇಳಲ್ಲ. ಬೇಡ ಅನ್ನಲ್ಲ, ಬೇಕು ಅಂತಾನೂ ಅನ್ನಲ್ಲ. ಹಕ್ಕಿಗಳಿಗೆ ಮಾತ್ರ ಹೊಟ್ಟೆ ತುಂಬ್ತಾ ಇದೆ" ಎಂದಳು ಅವಳು.

ಪ್ರೊಫೆಸರ್ ಹತ್ತಿರ ತಂತಿ, ಬ್ಯಾಟರಿ ಇರುವ ತಮ್ಮದೇ ಒಂದು ಕೇಳುವ ಯಂತ್ರವಿತ್ತು. ಅದರಲ್ಲಿ ಎಲ್ಲ ಸದ್ದೂ ಜೋರಾಗಿ ಕೇಳುತ್ತಿತ್ತು, ಆದರೆ ಹುರಿಯುವ ಕಾಳಿನ ಹಾಗೆ ಸಿಡಿಯುತ್ತ ಒಂದರಲ್ಲೊಂದು ಬೆರೆತುಹೋಗುತ್ತಿತ್ತು. ಕೋಲಿನಲ್ಲಿ ಸದ್ದು ಸಣ್ಣದು, ಆದರೆ ತಿಳಿ. ಪ್ರೊಫೆಸರ್ ಕೋಲನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಬರೀ ಮರ" ಎಂದರು. "ಹೌದು ಸ್ವಾಮಿ, ಬರೀ ಮರ" ಎಂದ ಕಿವಿಯಣ್ಣ. ಅವರು ಅದನ್ನು ಹೊಗಳಿದರೋ ತೆಗಳಿದರೋ ಅವನಿಗೆ ಅರ್ಥವಾಗಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ನಮ್ಮದೇ ಒಂದು ಸಬ್‌ಮರೀನು ಕೊಲ್ಲಿಯಲ್ಲಿ ಮುಳುಗಿತು. ಅದು ಎಲ್ಲಿದೆ ಎಂದು ಕಿವಿಯಣ್ಣ ಹೇಳಬೇಕು. ಮರದ ದೋಣಿಯ ತಳದಲ್ಲಿ ಅವನು ಬೋರಲಾಗಿ ಮಲಗಿ, ಎರಡು ಬಿಲ್ಲೆಗಳಿಗೂ ಕಿವಿ ಒತ್ತಿಕೊಂಡ. ಪಕ್ಕದಲ್ಲಿ ಪ್ರೊಫೆಸರ್, ಹಿಂದೆ ಕ್ಯಾಪ್ಟನ್. ಯಂತ್ರ ನಿಂತಿತು. ಮೊದಲು ಅಲೆಗಳ ತಪತಪ. ಅದರ ಕೆಳಗೆ, ನಿಧಾನವಾಗಿ, ಹೊಟ್ಟೆ ತುಂಬಿದ ಎಮ್ಮೆ ಕೆಸರಿನಲ್ಲಿ ಕಾಲೆತ್ತಿ ಹಾಕಿದ ಹಾಗೆ ಒಂದು ಸದ್ದು.

"ಬಲಕ್ಕೆ" ಎಂದ. ದೋಣಿ ತಿರುಗಿತು. "ಇನ್ನೂ ಸ್ವಲ್ಪ. ಸಾಕು. ನೇರ ಮುಂದೆ."

ಕ್ಯಾಪ್ಟನ್ ಸನ್ನೆ ಮಾಡಿಸಿದರು. ಅವನು ತೋರಿಸಿದ ಕಡೆಯೇ ಸಬ್‌ಮರೀನು ನೊರೆ ಕಾರುತ್ತ ಮೇಲೆ ಬಂದು ನಿಂತಿತು. ಪ್ರೊಫೆಸರ್ ಅವನ ಬೆನ್ನು ತಟ್ಟಿದರು. ಆದರೆ ಕಿವಿಯಣ್ಣ ಏಳಲಿಲ್ಲ.

"ಇನ್ನೊಂದಿದೆ ಸ್ವಾಮಿ."

"ಇನ್ನೊಂದಿಲ್ಲ" ಎಂದರು ಕ್ಯಾಪ್ಟನ್. "ಒಂದೇ ಬಿಟ್ಟಿದ್ದು."

"ಎಡಗಡೆ. ಕೊಲ್ಲಿ ಬಾಯಿ ಹತ್ರ. ಅದು ಓಡ್ತಾ ಇಲ್ಲ, ತಳದಲ್ಲಿ ಕೂತಿದೆ. ಆದ್ರೆ ಸೋರ್ತಾ ಇದೆ."

"ಏನು ಸೋರ್ತಾ ಇದೆ?"

"ಪೈಪು. ಮುಕ್ಕಾಲು ಇಂಚಿಂದು. ನೀರು ಒಳಗೆ ನುಗ್ತಾ ಇದೆ. ಯಾರೋ ಸ್ಪ್ಯಾನರ್ ಹಾಕಿ ಬಿಗಿ ಮಾಡ್ತಾ ಇದಾರೆ."

ಇದನ್ನು ಅವನು ಕೆಲಸದ ಮಾತಿನಂತೆ ಹೇಳಿದ. ಸ್ಪ್ಯಾನರ್ ಕಬ್ಬಿಣಕ್ಕೆ ತಾಗಿ ಜಾರುವುದು, ಮತ್ತೆ ಹಿಡಿದು ತಿರುಗಿಸುವುದು, ಎಲ್ಲ ಸ್ಪಷ್ಟವಾಗಿತ್ತು. ಅವಸರ ಮಾಡ್ತಾ ಇದಾನೆ, ಹಾಗೆ ಎಳೆದರೆ ತಿರುಪಿನ ಗೆರೆ ಸವೆದುಹೋಗತ್ತೆ, ಮೊದಲು ದಾರ ಸುತ್ತಬೇಕು, ಎಂದು ಕಿವಿಯಣ್ಣ ಮನಸ್ಸಿನಲ್ಲೇ ಆ ಕೈಗೆ ಹೇಳುತ್ತಿದ್ದ. ಅಷ್ಟರಲ್ಲಿ ಮೇಲೆ ಬಾವುಟಗಳು ಹಾರಿದವು. ಧಕ್ಕೆಯಿಂದ ಎರಡು ಸಣ್ಣ ಯುದ್ಧನೌಕೆಗಳು ಹೊರಟವು. ಅವುಗಳ ಸದ್ದು ಹತ್ತಿರ ಬಂದಂತೆ ಸ್ಪ್ಯಾನರಿನ ಸದ್ದು ನಿಂತಿತು. ನೀರು ಚಿಮ್ಮುವುದೊಂದೇ ಉಳಿಯಿತು. ನೌಕೆಗಳು ಬರುವ ಸದ್ದು ಆ ಕೈಯವನಿಗೂ ಕೇಳಿಸಿದೆ ಎಂದು ಹೊಳೆದದ್ದು ಅವನಿಗೆ ಆ ಗಳಿಗೆಯಲ್ಲೇ.

"ತೆಗೀರಿ! ಕಿವಿ ತೆಗೀರಿ!" ಎಂದು ಪ್ರೊಫೆಸರ್ ಅರಚಿದ್ದು ಅವನಿಗೆ ಕೇಳಿಸಲಿಲ್ಲ. ಅವರೇ ಬಂದು ಕೊರಳಪಟ್ಟಿ ಹಿಡಿದೆಳೆದರು. ಬಲಗಿವಿ ಬಿಲ್ಲೆಯಿಂದ ಬಿಟ್ಟಿತ್ತು, ಎಡಗಿವಿ ಬಿಟ್ಟಿರಲಿಲ್ಲ. ನೌಕೆಗಳು ಸುರಿದ ಪೀಪಾಯಿ ಬಾಂಬುಗಳು ನೀರೊಳಗೆ ಸಿಡಿದವು. ಅವನ ತಲೆಯೊಳಗೆ ಕದವೊಂದು ಧಡಾರನೆ ಮುಚ್ಚಿಕೊಂಡಂತಾಯಿತು.

ಆಮೇಲೆ ನೀರಿನ ಮೇಲೆ ಎಣ್ಣೆ ಕಂಡಿತು, ಚಾಪೆಯಗಲದಷ್ಟು. ಒಂದು ಮುರಿದ ಹಲಗೆ. ಬೇರೇನೂ ಇಲ್ಲ.

"ಸಿಕ್ಕಿತು!" ಎಂದರು ಕ್ಯಾಪ್ಟನ್.

"ಏನು ಸಿಕ್ಕಿತು? ಅಲ್ಲಿ ಹಳೇ ಸರಕು ಹಡಗು ಮುಳುಗಿದೆ. ಅಲ್ಲಾಡಿಸಿದಾಗಲೆಲ್ಲ ಎಣ್ಣೆ ಬರತ್ತೆ" ಎಂದರು ಪ್ರೊಫೆಸರ್. "ಅದರೊಳಗೆ ಸಿಕ್ಕಿಕೊಂಡ ಸರಪಳಿ ಅಲೆಗೆ ಬಡಿದಿರಬೇಕು. ಇವರು ಅದನ್ನ ಸ್ಪ್ಯಾನರ್ ಅಂದುಕೊಂಡಿದಾರೆ."

ಇಬ್ಬರೂ ವಾದಿಸಿ ವಾದಿಸಿ ಕೊನೆಗೆ ಅವನ ಕಡೆ ತಿರುಗಿದರು. "ನಿಮಗೆ ಖಾತ್ರಿಯಾ?"

ಎಡಗಿವಿಯಿಂದ ರಕ್ತ ಒಸರುತ್ತಿತ್ತು. ಅದನ್ನು ಒತ್ತಿ ಹಿಡಿದು ಅವನು ಹೇಳಿದ: "ಸೋರಿಕೆ ಇತ್ತು ಸ್ವಾಮಿ. ಯಾರ ಮನೇದು ಅಂತ ಸೋರಿಕೆ ಹೇಳಲ್ಲ."

ಮಾರನೇ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಯಾರಿಗೂ ಏನೂ ಹೇಳಕೂಡದು. ಅದೇ ಕಾರಿನಲ್ಲಿ ಮನೆಗೆ ತಂದುಬಿಟ್ಟರು.

ಬಾಗಿಲಲ್ಲೇ ಅತ್ತೆ ನಿಂತಿದ್ದರು. ಬೇರೆಯವರು ಮಾತಾಡುವ ಮೊದಲೇ ಕೇಳಿದರು: "ಸಿಕ್ಕಿದ್ನಾ? ಅವನ ದನಿ ಕೇಳಿಸ್ತಾ?"

ಇಲ್ಲ ಎನ್ನಲು ಹೋದರೆ ಕಿವಿಯಣ್ಣನಿಗೆ ಆ ಸ್ಪ್ಯಾನರ್ ಹಿಡಿದ ಕೈ ನೆನಪಾಯಿತು. ಹೌದು ಎಂದರೆ ಅದೆಂಥ ಸುಳ್ಳು?

"ದನಿ ಕೇಳಿಸಲಿಲ್ಲ ಅತ್ತೆ" ಎಂದ ಕೊನೆಗೆ. "ಒಬ್ಬರು ಕೆಲಸ ಮಾಡ್ತಾ ಇದ್ರು. ಅಷ್ಟು ಕೇಳಿಸ್ತು."

"ಅವನೇ" ಎಂದರು ಅತ್ತೆ. "ಅವನು ಸುಮ್ನೆ ಕೂರೋನೇ ಅಲ್ಲ." ಒಳಗೆ ಹೋಗಿ ಆ ದಿನ ಎರಡು ತುತ್ತು ಹೆಚ್ಚಿಗೆ ಉಂಡರು. ಹೆಂಡತಿ ಗಂಡನನ್ನು ಎವೆಯಿಕ್ಕದೆ ನೋಡಿದಳು. ಗಂಡ ಗೋಡೆ ನೋಡಿದ.

ವಾರ ಕಳೆದು ನಾದಿನಿ ಕಚೇರಿಯಿಂದ ಬಂದವಳು ನೇರ ಹಿತ್ತಿಲಿಗೆ ಹೋದಳು. ಕಿವಿಯಣ್ಣ ಅಲ್ಲಿ ಬಟ್ಟೆ ಒಣಹಾಕುತ್ತಿದ್ದ. ಅವಳು ಅಭ್ಯಾಸದಂತೆ ಎಡಕ್ಕೆ ನಿಂತು ಮಾತು ಶುರುಮಾಡಿ, ನೆನಪಾಗಿ ಬಲಕ್ಕೆ ಬಂದಳು.

"ಭಾವ, ಪ್ರಮಾಣ ಮುರೀತಾ ಇದೀನಿ. ಬೆಳಿಗ್ಗೆ ನಿಮಗೇ ಒಂದು ಕಾಗದ ಟೈಪ್ ಮಾಡ್ದೆ. ಒಂದನೇ ಮಾದರಿ. ಪರೀಕ್ಷೆ ಮಾಡಿದೆವು, ಪ್ರಯೋಜನವಿಲ್ಲ ಅಂತ."

"ಸರಿ ಬಿಡು."

"ಪೂರ್ತಿ ಕೇಳಿ. ಮಧ್ಯಾಹ್ನ ಇನ್ನೊಂದು ಟೈಪ್ ಮಾಡ್ದೆ, ಮರದ ಕಾರ್ಖಾನೆಗೆ. ಎಂಟಡಿ ಕೋಲು, ತುದಿಗೆ ಬಿಲ್ಲೆ ಇರೋದು, ನಾನೂರು ಬೇಕು, ಬೇಗ ಕಳಿಸಿ ಅಂತ."

ಕಿವಿಯಣ್ಣ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ಹಾಗೇ ಹಿಡಿದು ನಿಂತ. "ಯಾವುದು ನಿಜ?"

"ಎರಡಕ್ಕೂ ಸಹಿ ಹಾಕಿದ್ದು ಒಬ್ಬರೇ."

ಆಗ ಅವನೂ ತನ್ನ ಪ್ರಮಾಣ ಮುರಿದ. ಸ್ಪ್ಯಾನರಿನ ಸದ್ದು, ಅದು ನಿಂತದ್ದು, ಎಣ್ಣೆ, ಹಲಗೆ, ಎಲ್ಲ ಹೇಳಿದ. ಅವಳು ಅವನ ಕೈಯಿಂದ ಒದ್ದೆ ಅಂಗಿ ತೆಗೆದುಕೊಂಡು ಹಗ್ಗಕ್ಕೆ ಹಾಕಿದಳು.

"ನಮ್ಮಣ್ಣನ ಹಡಗು ಮುಳುಗಿಸಿದ್ದು ಅವರೇ ಇರಬಹುದು" ಎಂದಳು.

"ಇರಬಹುದು."

"ಅಲ್ಲಿ ಯಾರೂ ಇಲ್ಲದೇನೂ ಇರಬಹುದು."

"ಅದೂ ಇರಬಹುದು. ನಾನು ಒಂದು ದಿನ ಅವರು ಇದ್ರು ಅಂದ್ಕೊಂಡು ಖುಷಿ ಪಡ್ತೀನಿ. ಒಂದು ದಿನ ಇರಲಿಲ್ಲ ಅಂದ್ಕೊಂಡು ನಿದ್ದೆ ಮಾಡ್ತೀನಿ. ಎರಡೂ ಒಟ್ಟಿಗೆ ಆಗಲ್ಲ ಪುಟ್ಟಿ."

ಅವನು ಮತ್ತೆ ಕೆಲಸಕ್ಕೆ ಹೋದ. ಬಲಗಿವಿ ಚೆನ್ನಾಗಿಯೇ ಇತ್ತು. ಆದರೆ ಮೊದಲ ತಿಂಗಳಲ್ಲೇ ಅವನ ಗೀಟು ಆರು ಸಲ ತಪ್ಪಿತು. ಸೋರಿಕೆಯ ಸದ್ದು ಕೇಳಿದೊಡನೆ ಅದರ ಹಿಂದೆ ಕಬ್ಬಿಣದ ಸದ್ದಿದೆಯೇ ಎಂದು ಹುಡುಕಲು ಹೋಗಿ, ದಿಕ್ಕು ಕಳೆದುಕೊಳ್ಳುತ್ತಿದ್ದ. ಗುಂಡಿ ತೋಡುವವರು ಮೊದಮೊದಲು ನೆಗಡಿ ಎಂದುಕೊಂಡರು. ಆಮೇಲೆ ಮೇಲಿನವರು ಅವನನ್ನು ಮೀಟರ್ ರಿಪೇರಿ ಕೋಣೆಗೆ ಹಾಕಿದರು. ಅಲ್ಲಿ ಕಣ್ಣಿದ್ದರೆ ಸಾಕಿತ್ತು.

ಯುದ್ಧ ಮುಗಿದ ಮೇಲೆ, ಯಾವ ಉಪಾಯ ಯಾರದು, ಯಾವುದರಿಂದ ಏನು ಲಾಭವಾಯಿತು ಎಂದು ತೀರ್ಮಾನಿಸಲು ಒಂದು ಮಂಡಳಿ ಕೂತಿತು. ಪ್ರೊಫೆಸರ್ ಈಗ ಮಾತು ಬದಲಿಸಿದ್ದರು. ಅಂದು ಅಲ್ಲಿ ಸಬ್‌ಮರೀನು ಇದ್ದೇ ಇತ್ತು, ತಮ್ಮ ಯಂತ್ರಕ್ಕೂ ಅದು ಕೇಳಿಸಿತ್ತು, ಎಂದು ಅರ್ಜಿ ಹಾಕಿ ಕಿವಿಯಣ್ಣನನ್ನು ಸಾಕ್ಷಿಗೆ ಕರೆಸಿದ್ದರು. ಕ್ಯಾಪ್ಟನ್ ಯುದ್ಧದ ಕೊನೆಯ ವರ್ಷ ತೀರಿಹೋಗಿದ್ದರು. ಕಿವಿಯಣ್ಣ ಕೋಟು ಹಾಕಿಕೊಂಡು ಹೆಂಡತಿಯೊಡನೆ ಹೋದ. ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಒಳಗೆ ಉದ್ದನೆಯ ಮೇಜಿನ ಹಿಂದೆ ಐದು ಜನ.

"ನೀವು ಹೌದು ಅಂದರೆ ಇಬ್ಬರಿಗೂ ಮನ್ನಣೆ" ಎಂದು ಪ್ರೊಫೆಸರ್ ಬಾಗಿಲಲ್ಲಿ ಅವನ ಬಲಗಿವಿಯಲ್ಲಿ ಹೇಳಿದ್ದರು.

"ಅಂದು ಅಲ್ಲಿ ಶತ್ರು ಸಬ್‌ಮರೀನು ಇತ್ತೇ?" ಎಂದು ಅಧ್ಯಕ್ಷರು ಕೇಳಿದರು.

"ಗೊತ್ತಿಲ್ಲ ಸ್ವಾಮಿ."

"ನೀವು ಕೇಳಿದಿರಲ್ಲ?"

"ಕೇಳಿದೆ. ಪೈಪು ಸೋರ್ತಿತ್ತು, ಒಬ್ಬರು ಬಿಗಿ ಮಾಡ್ತಿದ್ರು. ಅವರು ಯಾರು ಅಂತ ನೀವು ಕಂಡುಹಿಡಿದಿರ್ತೀರಿ, ಹೇಳ್ತೀರಿ ಅಂತ ನಾನು ಇಲ್ಲಿಗೆ ಬಂದೆ."

ಅಧ್ಯಕ್ಷರು ಮುಂದಿನ ಕಡತ ತೆಗೆದರು. ಆ ಐವರೂ ಏನೂ ಕಂಡುಹಿಡಿದಿರಲಿಲ್ಲ. ಪ್ರೊಫೆಸರ್ ಎದ್ದು ಹೋದರು.

ಹೊರಗೆ ಹೆಂಡತಿ ಕೈಚೀಲ ಎತ್ತಿಕೊಂಡು ನಿಂತಳು. "ಏನಂದ್ರಿ?"

"ಗೊತ್ತಿಲ್ಲ ಅಂದೆ."

"ಇಷ್ಟು ದೂರ ಕರೆಸಿ, ಐದು ಜನ ಕೂತು, ಇದನ್ನ ಕೇಳಬೇಕಿತ್ತಾ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ."

ಅವನಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ನಿಲ್ಲಿಸಲು ಹೋದರೆ ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂದು, ಅದು ನಗುವಿನದೋ ಬೇರೆಯದೋ ಅವನಿಗೇ ತಿಳಿಯದೆ, ಕರವಸ್ತ್ರಕ್ಕಾಗಿ ಜೇಬು ತಡಕಿದ. ಅವಳು ತನ್ನದನ್ನು ಕೊಟ್ಟಳು. ಮೆಟ್ಟಿಲಿಳಿದು ಇಬ್ಬರೂ ಟ್ರಾಮಿಗೆ ಕಾದು ನಿಂತರು. ಮೊದಲನೆಯದು ತುಂಬಿ ತುಳುಕುತ್ತ ಬಂತು. ಅದನ್ನು ಬಿಟ್ಟು ಮುಂದಿನದನ್ನು ಹತ್ತಿದರು.